ಹದಿನೆಂಟು ಡಿಗ್ರಿ

ಮೂರನೆಯ ಸಲ ಓದಿದಾಗಲೂ ಅದು ತನ್ನ ಮನೆಯ ನಂಬರೇ ಆಗಿತ್ತು.

ಹೆಸರಿನ ಕಾಲಮ್ಮಿನಲ್ಲಿ ಹೆಂಡತಿಯ ಹೆಸರು. ಅಕ್ಷರವೂ ಅವಳದೇ. ತರಕಾರಿ ಚೀಟಿ ಬರೆಯುವಾಗಲೂ ಸಾಲು ಕೆಳಕ್ಕೆ ಜಾರದ, ಗುಂಡಗಿನ ಅಕ್ಷರ. ದೂರಿನ ಸ್ವರೂಪ: 'ಮನೆಯಲ್ಲಿ ಚಳಿ.' ಎಷ್ಟು ಕಾಲದಿಂದ: 'ನಾಲ್ಕು ಚಳಿಗಾಲ.' ಈ ಮೊದಲು ತಿಳಿಸಿದ್ದೀರಾ ಎನ್ನುವ ಕಡೆ 'ಹೌದು' ಎಂದಷ್ಟೇ ಬರೆದಿದ್ದಳು. ಯಾರಿಗೆ ಎಂದು ಕೇಳುವ ಕಾಲಮ್ಮು ಅರ್ಜಿಯಲ್ಲಿ ಇರಲಿಲ್ಲ. ಆ ಅರ್ಜಿಯ ನಮೂನೆ ತಯಾರಿಸಿದವನು ಅವನೇ.

ಅವನು ಫೈಲು ಮುಚ್ಚಿದ. ಮುಚ್ಚಿಟ್ಟರೆ ಒಳಗಿರುವುದು ತಾನಾಗಿ ಬದಲಾಗುತ್ತದೆ ಎನ್ನುವ ನಂಬಿಕೆ ಹದಿನೇಳು ವರ್ಷದ ನೌಕರಿಯಿಂದ ಬಂದದ್ದು; ಎಷ್ಟೋ ಸಲ ನಿಜವೂ ಆಗಿತ್ತು. ತೆರೆದ. ಬದಲಾಗಿರಲಿಲ್ಲ. ತಪಾಸಣೆಯ ದಿನ: ಇಂದು. ಹೊತ್ತು: ಹನ್ನೊಂದೂವರೆ. ಬೆಳಗ್ಗೆ ಇಬ್ಬರೂ ಎದುರುಬದುರು ಕೂತು ತಿಂಡಿ ತಿಂದಿದ್ದರು. ಉಪ್ಪು ಸಾಕಾ ಎಂದು ಅವಳು ಕೇಳಿದ್ದಳು. ಸಾಕು ಎಂದು ಅವನು ಹೇಳಿದ್ದ.

ಅವನು ಶಾಖ ನಿಯಂತ್ರಣ ಆಯೋಗದಲ್ಲಿ ಉಪನಿರ್ದೇಶಕ. ಊರಿನ ಅಂಚಿನಲ್ಲಿ ಶಾಖ ಪೂರೈಸುವ ಕಂಪನಿಯದೊಂದು ದೊಡ್ಡ ಬಾಯ್ಲರ್ ಮನೆ. ಅಲ್ಲಿ ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಊರೆಲ್ಲ ಹರಿದು, ಮನೆಮನೆಯ ಗೋಡೆಗೆ ಜೋಡಿಸಿದ ಕಬ್ಬಿಣದ ರೇಡಿಯೇಟರುಗಳಲ್ಲಿ ಸುತ್ತಿ, ಇದ್ದಬದ್ದ ಬಿಸಿಯನ್ನೆಲ್ಲ ಅಲ್ಲಿ ಬಿಟ್ಟು, ಬರಿಗೈಯಲ್ಲಿ ಹಿಂದಿರುಗುತ್ತಿತ್ತು. ಇಡೀ ಊರಿಗೆ ಒಂದೇ ಕಂಪನಿ, ಒಂದು ಮನೆಗೆ ಒಂದೇ ಕೊಳವೆ. ಇದು ಬೇಡ, ಇನ್ನೊಂದು ಕೊಡಿ ಎಂದು ಕೇಳುವಂತಿರಲಿಲ್ಲ. ಇಂಥ ಸಂಬಂಧಗಳಿಗೆಲ್ಲ ನಡುವೆ ಒಂದು ಆಯೋಗ ಬೇಕಾಗುತ್ತದೆ. ಮನೆಯೊಳಗೆ ಹದಿನೆಂಟು ಡಿಗ್ರಿ ಇರತಕ್ಕದ್ದು ಎಂದು ಕಾನೂನು ಹೇಳುತ್ತಿತ್ತು. ಇದೆಯೋ ಇಲ್ಲವೋ ಎಂದು ಆಯೋಗ ಹೇಳುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಗಾದೆ ಕಟ್ಟಿದವರು ಆಯೋಗದಲ್ಲಿ ಕೆಲಸ ಮಾಡಿದವರಲ್ಲ.

ಅವನು ಮನೆಗೆ ಫೋನು ಮಾಡಿದ.

"ದೂರು ಕೊಟ್ಟಿದೀಯಾ?"

"ಕೊಟ್ಟಿದೀನಿ."

"ನನಗೆ ಒಂದು ಮಾತು ಹೇಳಬಹುದಿತ್ತು."

"ನಾಲ್ಕು ವರ್ಷದಿಂದ ಹೇಳ್ತಿದೀನಿ. ಅರ್ಜಿ ಕೊಟ್ಟೋರ ಮಾತು ಮಾತ್ರ ನಿಮಗೆ ಕೇಳ್ಸೋದು ಅಂತ ಗೊತ್ತಾಯ್ತು. ಅರ್ಜಿ ಕೊಟ್ಟೆ."

ಅವನು ಸುತ್ತ ನೋಡಿದ. ಟೈಪಿಸ್ಟು ಟೈಪು ನಿಲ್ಲಿಸಿ, ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲು ಮೇಜಿನ ಡ್ರಾಯರಿನಲ್ಲಿ ಏನೋ ಹುಡುಕುತ್ತಿದ್ದಳು.

"ಮನೆ ಬೆಚ್ಚಗೇ ಇದೆಯಲ್ಲ," ಎಂದ ತಗ್ಗಿದ ದನಿಯಲ್ಲಿ.

"ಅದನ್ನೇ ಅಳೀಲಿ ಅಂತ. ನೋಡಿ, ಮನೆ ತಣ್ಣಗಿದೆ ಅಂತ ಬಂದ್ರೆ ಕೊಳವೆ ರಿಪೇರಿ ಮಾಡಿಸೋಣ, ಮೊದಲಿನ ಹಾಗೆ ಇರೋಣ. ಬೆಚ್ಚಗಿದೆ ಅಂತ ಬಂದ್ರೆ..."

"ಬಂದ್ರೆ?"

"ಬಂದ್ರೆ ಈ ಚಳಿ ಕೊಳವೇದಲ್ಲ ಅಂತಾಯ್ತಲ್ಲ. ಅಕ್ಕನ ಮನೇಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಆ ಕಾಲಮ್ಮು ನಿಮ್ಮ ಅರ್ಜೀಲಿ ಇರ್ಲಿಲ್ಲ," ಎಂದು ಅವಳು ಫೋನಿಟ್ಟಳು.

ಅವನು ರಿಸೀವರನ್ನು ಇನ್ನೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದು, "ಸರಿ, ಸರಿ, ಆಗಲಿ," ಎಂದ. ಟೈಪಿಸ್ಟಿಗಾಗಿ.

ಅವನಿಗೆ ಚಳಿಯಾಗುತ್ತಿರಲಿಲ್ಲ. ಸೆಕೆಯೂ ಆಗುತ್ತಿರಲಿಲ್ಲ. ಇದನ್ನು ಅವನು ಬಹಳ ಕಾಲ ತನ್ನ ಹುದ್ದೆಯ ಅರ್ಹತೆ ಎಂದುಕೊಂಡಿದ್ದ. ಈಗ ಜೀವಮಾನದಲ್ಲಿ ಮೊದಲ ಸಲ ಒಂದು ಮನೆ ಹದಿನೇಳು ಡಿಗ್ರಿ ಇರಲಿ ದೇವರೇ ಎಂದು ಮನಸ್ಸಿನಲ್ಲಿ ಬೇಡಿಕೊಂಡ. ಹದಿನೇಳೂಮುಕ್ಕಾಲಾದರೂ ಸಾಕಿತ್ತು. ಬೇಡಿಕೊಂಡ ಮರುಗಳಿಗೆಯೇ ನಿಯಮ ಹದಿನಾಲ್ಕು ನೆನಪಾಯಿತು.

ನಿಯಮ ಹದಿನಾಲ್ಕನ್ನು ಬರೆದವನೂ ಅವನೇ. ಹನ್ನೊಂದು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಹುರುಪಿನಲ್ಲಿ ಬರೆದದ್ದು. ಅಳತೆ ನಿಷ್ಪಕ್ಷಪಾತವಾಗಿರಬೇಕಾದರೆ ದೂರುದಾರರು, ಕಂಪನಿಯ ಪ್ರತಿನಿಧಿ, ಆಯೋಗದ ಅಧಿಕಾರಿ, ಇಬ್ಬರು ನೆರೆಹೊರೆಯ ಸಾಕ್ಷಿಗಳು, ಹೀಗೆ ಐದು ಜನ ಕೋಣೆಯಲ್ಲಿ ಕೂತಿರತಕ್ಕದ್ದು. ಕಿಟಕಿ ಬಾಗಿಲು ಮುಚ್ಚಿರತಕ್ಕದ್ದು. ಕೋಣೆಯ ನಟ್ಟನಡುವೆ, ನೆಲದಿಂದ ಒಂದು ಮೀಟರು ಎತ್ತರದಲ್ಲಿ, ಸ್ಟ್ಯಾಂಡಿನ ಮೇಲೆ ಉಷ್ಣಮಾಪಕ. ಅದಕ್ಕೆ ಕೋಣೆ ಒಗ್ಗಲಿ ಎಂದು ಅರ್ಧ ಗಂಟೆ ಕಾಯತಕ್ಕದ್ದು. ಆಮೇಲೆ ಕಂಡದ್ದೇ ಸತ್ಯ.

ಸುಮ್ಮನೆ ಕೂತ ಮನುಷ್ಯ ಕೂಡ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಹೊರಬಿಡುತ್ತಾನೆ ಎನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ. ಐದು ಬಲ್ಬನ್ನು ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ಉರಿಸಿದರೆ ಎಂಥ ಹಾಳು ಮನೆಯೂ ಹದಿನೆಂಟು ದಾಟುತ್ತಿತ್ತು. ನಾಲ್ಕನೆಯ ವರ್ಷ ದೂರುದಾರನೊಬ್ಬ ಇದನ್ನು ಲೆಕ್ಕ ಸಮೇತ ಬರೆದು ಕಳಿಸಿದ. ಉಪಸಮಿತಿ ಕೂತಿತು. ಶಾಖ ಉತ್ಪಾದನೆಗೆ ಪರವಾನಗಿ ಬೇಕು. ಈ ಐವರಲ್ಲಿ ಯಾರಿಗೂ ಪರವಾನಗಿ ಇಲ್ಲ. ಆದ್ದರಿಂದ ಇವರು ಶಾಖ ಉತ್ಪಾದಿಸುತ್ತಾರೆ ಎಂದು ಆಯೋಗ ಒಪ್ಪಿಕೊಳ್ಳಲಾಗದು ಎಂದು ವರದಿ ಬಂತು. ಆ ವರದಿಯ ಕರಡು ಬರೆದವನು ಯಾರು ಎಂದು ಹೇಳುವ ಅಗತ್ಯವಿಲ್ಲ.

ಆಯೋಗಕ್ಕೆ ಹೊಳೆಯದ್ದು ಕಂಪನಿಗೆ ಬೇಗ ಹೊಳೆದಿತ್ತು. ಅದು ತಪಾಸಣೆಗೆ ಆಳನ್ನು ತೂಕ ನೋಡಿ ಕಳಿಸುತ್ತಿತ್ತು. ಕೆಲವು ವರ್ಷಗಳಿಂದ ಎಲ್ಲ ಕಡೆಗೂ ಒಬ್ಬ ಎಂಜಿನಿಯರೇ ಬರುತ್ತಿದ್ದ. ಮೂರು ಜನರ ಮೈ, ಆರು ಜನರ ನಗು. ಆಯೋಗದಲ್ಲಿ ಅವನಿಗೆ ಹಂಡೆ ಎಂದು ಹೆಸರು. ಹಂಡೆ ಕಾಲಿಟ್ಟ ಮನೆಯಲ್ಲಿ ದೂರು ಗೆದ್ದ ಉದಾಹರಣೆ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಬಂದ ದೂರು ಮುನ್ನೂರ ಹನ್ನೆರಡು. ಆಯೋಗ ಎತ್ತಿಹಿಡಿದದ್ದು ಒಂದು. ಆ ಮನೆಗೆ ಕಿಟಕಿಯೇ ಇರಲಿಲ್ಲ, ಕಿಟಕಿಯ ಜಾಗ ಮಾತ್ರ ಇತ್ತು.

ಅವನು ಅಧ್ಯಕ್ಷರ ಕೋಣೆಗೆ ಹೋದ. ಅಧ್ಯಕ್ಷರು ಕೋಟಿನ ಮೇಲೊಂದು ಕೋಟು ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ಆಯೋಗದ ಕಟ್ಟಡಕ್ಕೂ ಅದೇ ಕಂಪನಿಯ ಶಾಖ.

"ಸರ್, ಈ ತಪಾಸಣೆ ಬೇರೆ ಯಾರಿಗಾದರೂ ಕೊಡಬೇಕು."

"ಇನ್ಸ್‌ಪೆಕ್ಟರು ಎಲ್ಲಿ?"

"ನೆಗಡಿ ಸರ್. ರಜಾ."

"ಮತ್ತೆ ನೀವೇ ಹೋಗಿ."

"ಮನೆ ನನ್ನದು ಸರ್."

ಅಧ್ಯಕ್ಷರು ಅರ್ಜಿಯನ್ನು ಎಳೆದುಕೊಂಡು ನೋಡಿದರು. "ದೂರು ಕೊಟ್ಟಿರೋರು ನಿಮ್ಮ ಮನೆಯವರು. ನೀವಲ್ಲವಲ್ಲ?"

"ನಾನಲ್ಲ ಸರ್. ಆದ್ರೆ ಆ ಮನೇಲಿ ನಾನೂ ಇರ್ತೀನಿ."

"ಹಾಗಾದ್ರೆ ನಿಮಗೂ ಚಳಿ ಆಗುತ್ತಾ?"

ಅವನು ಯೋಚಿಸಿದ. ಹೌದು ಎಂದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಹನ್ನೊಂದು ವರ್ಷ ಬೇರೆಯವರು ಹೌದು ಎಂದಾಗಲೆಲ್ಲ ಅವರ ಮುಖವನ್ನು ಅನುಮಾನದಿಂದ ನೋಡಿದ್ದವನು ಅವನು.

"ಇಲ್ಲ ಸರ್."

"ಅಂದ್ಮೇಲೆ ನಿಮ್ಮ ಹಿತಾಸಕ್ತಿ ಇದರಲ್ಲಿ ಏನೂ ಇಲ್ಲ. ಹೋಗಿ ಬನ್ನಿ." ಅಧ್ಯಕ್ಷರು ಪತ್ರಿಕೆಯನ್ನು ಮತ್ತೆ ಎತ್ತಿಕೊಂಡರು. "ಬಾಗಿಲು ಸರಿಯಾಗಿ ಎಳ್ಕೊಂಡು ಹೋಗಿ, ಗಾಳಿ ಬರುತ್ತೆ."

ಹೊರಡುವ ಮೊದಲು ಅವನು ಕಂಪನಿಗೆ ಫೋನು ಮಾಡಿ, ಇವತ್ತು ಆ ಎಂಜಿನಿಯರನ ಬದಲು ಬೇರೆ ಯಾರನ್ನಾದರೂ, ಸ್ವಲ್ಪ ಸಣಕಲು ಆಸಾಮಿಯನ್ನು, ಕಳಿಸಲು ಆಗುತ್ತದೆಯೇ ಎಂದು ಕೇಳಿದ. ಆ ತುದಿಯ ಹೆಣ್ಣುದನಿ ಗಾಬರಿಯಾಯಿತು. "ಅಯ್ಯೋ, ನಿಮ್ಮ ಮನೇಗೆ ಯಾರ್ಯಾರನ್ನೋ ಕಳಿಸೋಕಾಗುತ್ತಾ ಸರ್? ಅವ್ರು ಆಗ್ಲೇ ಹೊರಟಿದಾರೆ."

*

ಬೀಗದ ಕೈ ಜೇಬಿನಲ್ಲಿತ್ತು. ಆದರೆ ಅಧಿಕಾರಿಯಾಗಿ ಬಂದವನು ಬೀಗ ತೆರೆದುಕೊಂಡು ಒಳಗೆ ಹೋಗುವುದು ಸರಿಯಲ್ಲ ಅನ್ನಿಸಿ, ಅವನು ತನ್ನ ಮನೆಯ ಕರೆಗಂಟೆಯನ್ನು ಮೊದಲ ಸಲ ಒತ್ತಿದ. ಅದರ ಸದ್ದು ಇಷ್ಟು ಕರ್ಕಶವೆಂದು ಗೊತ್ತಿರಲಿಲ್ಲ.

"ಬನ್ನಿ," ಎಂದಳು ಹೆಂಡತಿ. ಉಣ್ಣೆಯ ಶಾಲು ಹೊದ್ದಿದ್ದಳು. "ಆಯೋಗದವರಾ?"

"ಏನಿದು ತಮಾಷೆ."

"ಗುರುತಿನ ಚೀಟಿ ಇದೆಯಾ? ಯಾರ್ಯಾರೋ ಬರ್ತಾರೆ ನೋಡಿ, ಹೆಂಗಸು ಒಬ್ಬಳೇ ಇರೋ ಮನೆ."

ಅವನು ಹೊಸಲಿನಲ್ಲೇ ನಿಂತ. ತಮಾಷೆಯೋ ಅಲ್ಲವೋ ಅವಳ ಮುಖದಿಂದ ತಿಳಿಯಲಿಲ್ಲ. ಗುರುತಿನ ಚೀಟಿ ತೆಗೆದು ತೋರಿಸಿದ. ಅವಳು ಅದನ್ನು ಪೂರ್ತಿ ಓದಿದಳು. ಫೋಟೋ ನೋಡಿ ಅವನ ಮುಖ ನೋಡಿದಳು. "ಹಳೇ ಫೋಟೋ," ಎಂದು ಹಿಂದಕ್ಕೆ ಕೊಟ್ಟಳು.

ಒಳಗೆ ಕಾಲಿಟ್ಟ ಕೂಡಲೇ ಅವನ ಕನ್ನಡಕ ಮಂಜಾಯಿತು. ಮನೆ ಕಾದ ಕಾವಲಿಯ ಹಾಗಿತ್ತು.

"ಇದೇನು?"

"ನನ್ನ ಕೇಳ್ಬೇಡಿ. ನೀವು ಬೆಳಗ್ಗೆ ಆಚೆ ಹೋದ ಹತ್ತು ನಿಮಿಷಕ್ಕೆ ಕೊಳವೆ ಗೂಳಿ ಹಾಗೆ ಗುಟುರು ಹಾಕೋಕೆ ಶುರು ಮಾಡ್ತು."

"ನಾವೇ ಸರ್, ನಾವೇ!" ಒಳಗಿನಿಂದ ಆರು ಜನರ ನಗು ಬಂತು. ಹಿಂದೆಯೇ ಹಂಡೆ, ಬಾಗಿಲ ಚೌಕಟ್ಟನ್ನು ತುಂಬಿಕೊಂಡು. "ನಿನ್ನೆ ಸಂಜೆ ವಿಳಾಸ ನೋಡಿದೆ. ಅಯ್ಯೋ, ಇದು ನಮ್ಮ ಸಾಹೇಬ್ರ ಮನೆ! ಬೆಳಗ್ಗೆ ಎದ್ದೋನೆ ಮೊದಲ ಕೆಲಸ ಅಂದ್ರೆ ನಿಮ್ಮ ವಾಲ್ವು ಪೂರ್ತಿ ಬಿಚ್ಚಿಸಿದ್ದು. ಇನ್ನು ತಿರುಗೋಕೆ ಜಾಗ ಇಲ್ಲ, ಅಷ್ಟು ಬಿಚ್ಚಿದೆ."

"ಯಾರು ಹೇಳಿದ್ದು ನಿಮಗೆ ಬಿಚ್ಚೋಕೆ?"

"ಹೇಳ್ಬೇಕಾ ಸರ್? ನಮಗೂ ಕರುಳಿದೆ."

ಅವನು ಕನ್ನಡಕ ಒರೆಸಿದ. ಒರೆಸಿಕೊಂಡು, ತಪಾಸಣೆಯವರು ನೋಡುವ ಕ್ರಮದಲ್ಲಿ, ಎಡಗೋಡೆಯಿಂದ ಆರಂಭಿಸಿ ಕೋಣೆಯನ್ನು ನೋಡಿದ. ಕಿಟಕಿಯ ಸಂದುಗಳಲ್ಲೆಲ್ಲ ಹಳೆಯ ಪತ್ರಿಕೆಯನ್ನು ಬೆರಳಗಲ ಮಡಿಸಿ, ಒತ್ತಿ ತುರುಕಿತ್ತು. ನೂರಾರು ಮಡಿಕೆ. ಯಾವಾಗ ಮಾಡಿದಳು? ಅವಳ ಕುರ್ಚಿ ರೇಡಿಯೇಟರಿಗೆ ಅಂಟಿಕೊಂಡಂತಿತ್ತು. ದಿನವೂ ಅಲ್ಲಿಗೆ ಎಳೆದೂ ಎಳೆದೂ ನೆಲದ ಮೇಲೆ ಎರಡು ಗೆರೆ ಬಿದ್ದಿದ್ದವು. ಬೇರೆ ಯಾರದಾದರೂ ಮನೆಯಾಗಿದ್ದರೆ ಇವನ್ನೆಲ್ಲ ಮೊದಲ ನೋಟಕ್ಕೇ ಗುರುತು ಹಾಕಿಕೊಳ್ಳುತ್ತಿದ್ದ.

"ವಾಲ್ವು ಬಿಚ್ಚಿ ಅಳೆದ್ರೆ ಅದು ಅಳತೆ ಅಲ್ಲ," ಎಂದ. "ತಪಾಸಣೆ ಮುಂದಕ್ಕೆ ಹಾಕೋಣ."

ಹಂಡೆ ನಿಜವಾಗಿಯೂ ನೊಂದುಕೊಂಡ. "ಪಕ್ಷಗಾರರು ಸೇರಿದ ಮೇಲೆ ಮುಂದಕ್ಕೆ ಹಾಕೋ ಹಾಗಿಲ್ಲವಲ್ಲ ಸರ್. ನಿಯಮ ನಿಮ್ಮದೇ."

"ಹದಿನಾಲ್ಕರ ಏಳನೇ ಉಪನಿಯಮ," ಎಂದು ಇನ್ನೊಂದು ದನಿ. ಮೇಲಿನ ಮನೆಯ ನಿವೃತ್ತ ಗಣಿತದ ಮೇಷ್ಟ್ರು, ಎರಡು ಕೈಯಲ್ಲೂ ತಲೆಯ ಮೇಲೂ ಕುರ್ಚಿ ಹೊತ್ತುಕೊಂಡು ಬಂದಿದ್ದರು. ಸಾಕ್ಷಿಯಾಗಿ ಕರೆದದ್ದೇ ತಡ, ನಿಯಮಾವಳಿಯ ಪ್ರತಿ ತರಿಸಿಕೊಂಡು ಕೆಂಪು ಶಾಯಿಯಲ್ಲಿ ಗೆರೆ ಎಳೆದುಕೊಂಡು ಓದಿದ್ದರು. "ನಿಮ್ಮ ಮನೇಲಿ ಎರಡೇ ಕುರ್ಚಿ ಅಂತ ನಿಮ್ಮ ಮನೆಯವರು ಹೇಳಿದ್ರು. ಐದು ಬೇಕಲ್ಲ."

ಅವರ ಬೆನ್ನಿಗೇ ಕೆಳಮನೆಯ ಅಜ್ಜಿ, ಗೋಡೆ ಹಿಡಿದುಕೊಂಡು. ಎರಡನೆಯ ಸಾಕ್ಷಿ. ಸಾಕ್ಷಿ ಹೇಳುವುದಕ್ಕಿಂತ ಮೈ ಕಾಯಿಸಿಕೊಳ್ಳುವುದಕ್ಕೆ ಬಂದಿದ್ದಳು. "ಬೆಳಗ್ಗಿಂದ ನಮ್ಮನೇಲಿ ಕೊಳವೆ ಸತ್ತು ಬಿದ್ದಿದೆ ಕಣಪ್ಪ. ಇಲ್ಲಿ ನೋಡಿದ್ರೆ ಸ್ವರ್ಗ!"

"ಇಲ್ಲಿಗೆ ಜಾಸ್ತಿ ಬಿಟ್ರೆ ಅಲ್ಲಿಗೆ ಕಮ್ಮಿ ಅಜ್ಜಿ," ಎಂದ ಹಂಡೆ. "ನೀರು ಇರೋದೇ ಅಷ್ಟು."

ಅವನು ಉಷ್ಣಮಾಪಕದ ಸ್ಟ್ಯಾಂಡನ್ನು ಬಿಡಿಸಿ, ಯಾರಿಗೂ ಕಾಣದಂತೆ ಕಾಲಿನಿಂದ ಸ್ವಲ್ಪ ಸ್ವಲ್ಪವೇ ಕಿಟಕಿಯ ಕಡೆಗೆ ತಳ್ಳಿದ. ಕಿಟಕಿಯ ಪಕ್ಕ ಒಂದೆರಡು ಡಿಗ್ರಿ ಕಮ್ಮಿ ಇರುತ್ತದೆ. ಇದು ಅವನಿಗೆ ದೂರುದಾರರಿಂದ ಗೊತ್ತಾದ ಉಪಾಯ. ಎಷ್ಟೋ ಜನರನ್ನು ಅವನು ಇದೇ ಕಳ್ಳತನದಲ್ಲಿ ಹಿಡಿದು ನಾಲ್ಕು ಜನರ ಮುಂದೆ ತಲೆತಗ್ಗಿಸುವಂತೆ ಮಾಡಿದ್ದ.

"ನಡುವೆ," ಎಂದರು ಮೇಷ್ಟ್ರು. ಜೇಬಿನಿಂದ ದಾರ ತೆಗೆದು, ಕೋಣೆಯ ಮೂಲೆಯಿಂದ ಮೂಲೆಗೆ ಹಿಡಿದು, ಎರಡೂ ಕರ್ಣಗಳು ಕೂಡುವಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿದರು. "ಇಲ್ಲಿ. ನಿಮ್ಮ ಸ್ಟ್ಯಾಂಡು ಎರಡು ಗೇಣು ಆಚೆ ಇತ್ತು."

"ಕೆಲಸದಲ್ಲಿ ಇಷ್ಟು ಅಜಾಗರೂಕತೇನಾ ಸಾಹೇಬ್ರೇ?" ಎಂದಳು ಹೆಂಡತಿ.

ಅವನು ಅವಳ ಕಡೆ ನೋಡಲಿಲ್ಲ. ಸ್ಟ್ಯಾಂಡನ್ನು ಗುರುತಿನ ಮೇಲೆ ಇಟ್ಟ. ಐದು ಕುರ್ಚಿಗಳು ಅದರ ಸುತ್ತ ದುಂಡಗೆ ಕೂತವು. ಕಿಟಕಿ ಮುಚ್ಚಿತ್ತು, ಬಾಗಿಲು ಮುಚ್ಚಿದರು. ಹನ್ನೊಂದೂವರೆ. ಇಪ್ಪತ್ತೆರಡು ಡಿಗ್ರಿ.

ನಮೂನೆಯ ಪ್ರಶ್ನೆಗಳನ್ನು ಕೇಳುವುದಿತ್ತು. ದೂರುದಾರರನ್ನು ಬಹುವಚನದಲ್ಲೇ ಮಾತಾಡಿಸಬೇಕು.

"ನೀವು," ಎಂದ. ನಾಲಿಗೆಗೆ ಹೊಸ ಚಪ್ಪಲಿ ಮೆಟ್ಟಿದಂತಾಯಿತು. "ನೀವು ಈ ಕೋಣೆಯಲ್ಲಿ ಸಾಮಾನ್ಯವಾಗಿ ಎಷ್ಟು ಜನ ಇರ್ತೀರಿ?"

"ಒಬ್ಬಳು."

"ಇಬ್ಬರು," ಎಂದ ಅವನು.

"ದೂರುದಾರರು ಹೇಳಿದ್ದನ್ನೇ ಬರ್ಕೊಬೇಕು," ಎಂದರು ಮೇಷ್ಟ್ರು.

"ಹೋಗ್ಲಿ, ಒಂದೂವರೆ ಅಂತ ಬರ್ಕೊಳ್ಳಿ," ಎಂದಳು ಹೆಂಡತಿ.

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ನಮ್ಮವರು ಇದ್ದಾಗ ನಾನು ಒಂದೂಕಾಲು ಅಂತ ಬರೆಸ್ತಿದ್ದೆ ಕಣೇ. ಅದೂ ಭಾನುವಾರ."

"ಪೂರ್ಣಾಂಕ ಬೇಕಮ್ಮ," ಎಂದರು ಮೇಷ್ಟ್ರು, ನಗದೆ.

ಅವನು ಆ ಜಾಗವನ್ನು ಖಾಲಿ ಬಿಟ್ಟ.

ಐದು ನಿಮಿಷಕ್ಕೊಮ್ಮೆ ಎದ್ದು ಅಂಕಿ ನೋಡಿ ಬರೆದುಕೊಳ್ಳುವುದು ಅಧಿಕಾರಿಯ ಕೆಲಸ. ಇಪ್ಪತ್ಮೂರು. ಹಂಡೆ ಕೋಟು ಬಿಚ್ಚಿದ; ಬಿಚ್ಚಿದೊಡನೆ ಅವನ ಮೈಯಿಂದ ಒಲೆಯ ಬಾಯಿ ತೆರೆದಂತೆ ಝಳ ಬಂತು. ಮೇಷ್ಟ್ರು ಕೊರಳಿಗೆ ಸುತ್ತಿದ್ದ ಮಫ್ಲರು ತೆಗೆದರು, ಆಮೇಲೆ ಸ್ವೆಟರು, ಅದರೊಳಗಿನ ಇನ್ನೊಂದು ಸ್ವೆಟರು. ಒಳಗಿನ ಮೇಷ್ಟ್ರು ಕಡ್ಡಿಯ ಹಾಗಿದ್ದರು. ಅಜ್ಜಿ ಕಾಲು ಚಾಚಿ ರೇಡಿಯೇಟರಿಗೆ ಒಡ್ಡಿ, "ಹಾ" ಎಂದು ಉಸಿರು ಬಿಟ್ಟಳು. ಮಾತು ಸುಮ್ಮನೆ ಹುಟ್ಟಿಕೊಂಡಿತು. ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ಕೂತ ಐದು ಜನ ಏನು ತಾನೇ ಮಾಡಿಯಾರು?

"ನಿಮ್ಮ ಮನೆ ಹೇಗಿದೆ? ನಿಮ್ಮದೇ ಕಂಪನಿ ಕೊಳವೆ, ಇನ್ನೇನು ಬೆಚ್ಚಗಿರ್ಬೇಕು," ಎಂದು ಹೆಂಡತಿ ಹಂಡೆಯನ್ನು ಕೇಳಿದಳು.

"ನಮ್ಮ ಬೀದಿಗೆ ಕೊಳವೇನೇ ಬಂದಿಲ್ಲ ತಾಯಿ," ಎಂದು ಹಂಡೆ ಹೊಟ್ಟೆ ಕುಣಿಸಿ ನಕ್ಕ. "ಮುಂದಿನ ಯೋಜನೇಲಿ ಇದೆ ಅಂತಾರೆ. ಏಳು ಜನ ಇದೀವಿ, ಒಂದೇ ಕೋಣೆ. ಅಪ್ಪ ಅಮ್ಮ, ನಾನು, ನಮ್ಮವಳು, ಮೂರು ಮಕ್ಕಳು. ಒಬ್ಬರ ಕಾಲು ಇನ್ನೊಬ್ಬರ ಮೂಗಿಗೆ. ಕಿಟಕಿ ತೆಗೆದು ಮಲಗ್ತೀವಿ."

"ಚಳಿಗಾಲದಲ್ಲಾ?"

"ಇಲ್ಲದಿದ್ರೆ ಬೆಂದು ಹೋಗ್ತೀವಿ!"

ಅವಳು ನಕ್ಕಳು. ತುಟಿಯಲ್ಲಿ ಮುಗಿಯುವ ನಗು ಅಲ್ಲ. ಹೊಟ್ಟೆಯಿಂದ ಬಂದು ಮೂಗಿನಲ್ಲಿ ಸಿಕ್ಕಿಕೊಂಡು ಗೊರ್ರೆನ್ನುವ ನಗು. ಅವನು ಅಂಕಿ ಬರೆಯುತ್ತಿದ್ದವನು ತಲೆಯೆತ್ತಿದ. ಈ ಸದ್ದು ಅವನಿಗೆ ಹೊಸದಾಗಿತ್ತು. ಅಥವಾ ಬಹಳ ಹಳೆಯದಾಗಿತ್ತು.

"ನಮ್ಮವರು ಮಲಗಿದಾಗ ಮಾತಾಡ್ತಾರೆ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ನಿದ್ದೇಲಿ. ಒಂದು ದಿನ ಏನೋ ಪ್ರೀತಿಯಿಂದ ಗೊಣಗ್ತಿದಾರೆ ಅಂತ ಕಿವಿ ಹತ್ರ ಇಟ್ಟೆ. 'ಸದರಿ ಷರತ್ತಿಗೆ ಒಳಪಟ್ಟು' ಅಂದ್ರು."

ಮೇಷ್ಟ್ರು ಕೂಡ ನಕ್ಕರು. ಮೇಷ್ಟ್ರು ನಕ್ಕದ್ದನ್ನು ನೋಡಿ ಅಜ್ಜಿಗೆ ಕೆಮ್ಮು ಬಂತು. ಹಂಡೆ ತೊಡೆ ತಟ್ಟಿಕೊಂಡ. ಇಪ್ಪತ್ತನಾಲ್ಕು. ಅವನೂ ನಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ನಗು ಮುಗಿದಿತ್ತು. ತೆರೆದ ಬಾಯಿಗೆ ಕೆಲಸ ಕೊಡಬೇಕಾಗಿ, "ಇನ್ನು ಹತ್ತು ನಿಮಿಷ," ಎಂದ.

ಆಗ ಅವಳು ಶಾಲು ತೆಗೆದಳು. ಯಾವ ಆಡಂಬರವೂ ಇಲ್ಲದೆ, ಮಾತಿನ ನಡುವೆ, ತೆಗೆದು ಕುರ್ಚಿಯ ಬೆನ್ನಿಗೆ ಹಾಕಿ, ಅಜ್ಜಿಯ ಮಾತಿಗೆ ಹ್ಞೂಂಗುಟ್ಟಿದಳು. ತೋಳುಗಳು ಬರಿದಾಗಿದ್ದವು. ಎಡದ ಮೊಣಕೈಯ ಮೇಲೆ ಸುಟ್ಟ ಗಾಯದ ಹಳೆಯ ಕಲೆಯೊಂದಿತ್ತು, ಎಲೆಯ ಆಕಾರದ್ದು. ರೇಡಿಯೇಟರಿಗೆ ಅಂಟಿ ಕೂತು ಆದದ್ದಿರಬೇಕು. ಯಾವಾಗ ಆಯಿತು ಎಂದು ಕೇಳಲು ನಮೂನೆಯಲ್ಲಿ ಪ್ರಶ್ನೆಯಿರಲಿಲ್ಲ.

ಹನ್ನೆರಡು. ಅವನು ಎದ್ದು, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಮೇಷ್ಟ್ರು ಇನ್ನೊಂದು ಕಡೆಯಿಂದ ಬಗ್ಗಿ ನೋಡಿದರು.

"ಇಪ್ಪತ್ತನಾಲ್ಕೂವರೆ," ಎಂದರು ಮೇಷ್ಟ್ರು. "ಬೇಕಾದದ್ದಕ್ಕಿಂತ ಆರೂವರೆ ಜಾಸ್ತಿ."

"ಅಭಿನಂದನೆ ಸರ್," ಎಂದ ಹಂಡೆ ಅವನ ಕೈ ಹಿಡಿದು ಕುಲುಕಿ. ಕುಲುಕಿದವನು ತಟ್ಟನೆ ಬಿಟ್ಟ. "ಏನ್ ಸರ್, ಕೈ ಇಷ್ಟು ತಣ್ಣಗೆ! ಹುಷಾರಾಗಿದೀರಾ?"

"ಹೊರಗಿಂದ ಬಂದೆನಲ್ಲ."

"ಬಂದು ಅರ್ಧ ಗಂಟೆ ಆಯ್ತಲ್ಲ," ಎಂದರು ಮೇಷ್ಟ್ರು. ಲೆಕ್ಕ ತಪ್ಪುವುದನ್ನು ಅವರು ಸಹಿಸುತ್ತಿರಲಿಲ್ಲ.

ಅವನು ವರದಿಯನ್ನು ಹೆಂಡತಿಯ ಮುಂದೆ ಹಿಡಿದ. ಕೊನೆಯ ಸಾಲು: ದೂರುದಾರರ ಆಕ್ಷೇಪಣೆ. ಇದ್ದರೆ ಬರೆಯತಕ್ಕದ್ದು, ಇಲ್ಲದಿದ್ದರೆ ಸಹಿ ಹಾಕತಕ್ಕದ್ದು.

"ಆಕ್ಷೇಪಣೆ ಏನಾದ್ರೂ ಇದೆಯಾ?"

"ಇಲ್ಲ. ಬೆಚ್ಚಗಿದೆ."

ಅವನು ಇನ್ನಷ್ಟು ಬಗ್ಗಿದ. ಬೇರೆಯವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ. ದುಂಡಗೆ ಕೂತ ಐದು ಕುರ್ಚಿಗಳ ನಡುವೆ ಅದು ಎಲ್ಲರಿಗೂ ಕೇಳಿಸಿತು. "ವಾಲ್ವು ಬಿಚ್ಚಿದಾರೆ, ಇದು ನಿಜವಾದ ಅಳತೆ ಅಲ್ಲ ಅಂತ ನೀನು ಬರೀಬಹುದು. ಬರೆದ್ರೆ ದೂರು ಬಿದ್ದು ಹೋಗಲ್ಲ. ಒಂದು ಸಾಲು ಸಾಕು."

"ನೀವೇ ಬರೀರಿ."

"ನಾನು ಬರೆಯೋ ಹಾಗಿಲ್ಲ. ದೂರುದಾರರು ಮಾತ್ರ, ಅಥವಾ ಮನೆಯಲ್ಲಿ ವಾಸವಿರೋ ಇನ್ನೊಬ್ಬ ಬಾಧಿತರು."

"ಮತ್ತೆ?"

ಹಂಡೆ ಕೋಟಿನ ತೋಳು ಹುಡುಕುತ್ತಿದ್ದವನು ಹಾಗೇ ನಿಂತ. ಅಜ್ಜಿ ಕಾಲು ಒಳಗೆಳೆದುಕೊಂಡಳು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಗುರುತಿನ ಚೀಟಿಯ ಫೋಟೋ ನೋಡಿದ ಹಾಗಲ್ಲ.

"ನಿಮಗೂ ಚಳಿ ಆಗುತ್ತಾ?" ಎಂದು ಕೇಳಿದಳು. ಮೆಲ್ಲಗೆ, ತಮಾಷೆ ಬಿಟ್ಟು.

ಬೆಳಗಿನಿಂದ ಇದು ಎರಡನೆಯ ಸಲ. ಅವನು ಉತ್ತರಕ್ಕಾಗಿ ತನ್ನೊಳಗೆ ಹುಡುಕಿದ. ಕೈಕಾಲು ಇದ್ದವು, ಉಸಿರು ಇತ್ತು. ಚಳಿಯ ಜಾಗದಲ್ಲಿ ಚಳಿ ಇರಲಿಲ್ಲ, ಚಳಿಯ ವ್ಯಾಖ್ಯೆ ಇತ್ತು. ಹೌದು ಎಂದರೆ ಸುಳ್ಳಾಗುತ್ತದೆಯೋ ಏನೋ. ಮೇಷ್ಟ್ರು ಸಾಕ್ಷಿ.

"ಅಳತೆ ಇಪ್ಪತ್ತನಾಲ್ಕೂವರೆ ಇರುವಾಗ..." ಎಂದು ಆರಂಭಿಸಿದ.

ಅವಳು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಗುಂಡಗಿನ ಅಕ್ಷರ, ಸಾಲು ಜಾರಲಿಲ್ಲ. ಮೇಷ್ಟ್ರು ಸಹಿ ಹಾಕಿದರು. ಹಂಡೆ ಹಾಕಿದ. ಅಜ್ಜಿ, "ನಾಳೇನೂ ಇದೆಯಾ ಇದು?" ಎಂದು ಕೇಳಿ ಹೆಬ್ಬೆಟ್ಟು ಒತ್ತಿದಳು.

"ಕುರ್ಚಿ ಸಂಜೆ ಒಯ್ತೀನಿ," ಎಂದು ಮೇಷ್ಟ್ರು ಸ್ವೆಟರುಗಳನ್ನು ಕಂಕುಳಲ್ಲಿಟ್ಟು ಮೇಲಕ್ಕೆ ಹೋದರು. ಹಂಡೆ, ಹೊರಗೆ ಹೋಗುವಾಗ ವಾಲ್ವು ಮೊದಲಿನಷ್ಟಕ್ಕೇ ತಿರುಗಿಸುತ್ತೇನೆ, ಇಲ್ಲದಿದ್ದರೆ ಇಡೀ ಕಟ್ಟಡದವರು ದೂರು ಕೊಡುತ್ತಾರೆ, ಅವರ ಮನೆಗಳಲ್ಲೂ ನಾನೇ ಕೂರಬೇಕು ಎಂದು ನಕ್ಕು ಇಳಿದ.

"ಅಜ್ಜೀನ ಕೆಳಗೆ ಬಿಟ್ಟು ಬರ್ತೀನಿ," ಎಂದಳು ಹೆಂಡತಿ. ಶಾಲು ಹೊದ್ದುಕೊಂಡಳು.

"ಬರ್ತೀಯಾ?"

"ಅಜ್ಜಿಗೆ ಮೆಟ್ಟಿಲು ಕಾಣ್ಸಲ್ಲ," ಎಂದಳು. ಅದು ಅವನು ಕೇಳಿದ್ದಕ್ಕೆ ಉತ್ತರವಲ್ಲ. ಚೀಲ ಏನೂ ಕೈಯಲ್ಲಿರಲಿಲ್ಲ. ಆದರೆ ಅಕ್ಕನ ಮನೆಗೆ ಹೋಗುವವರಿಗೆ ಚೀಲ ಯಾಕೆ? ಅಕ್ಕತಂಗಿಯರಿಬ್ಬರ ಬಟ್ಟೆಯ ಅಳತೆಯೂ ಒಂದೇ.

ಅವನು ತೆರೆದ ಬಾಗಿಲಲ್ಲಿ ನಿಂತು ಕೇಳಿದ. ಅಜ್ಜಿಯ ಒಂದೊಂದೇ ಹೆಜ್ಜೆ, ಪಕ್ಕದಲ್ಲಿ ಅವಳದು. ಕೆಳಮನೆಯ ಬಾಗಿಲು ತೆರೆದ ಸದ್ದು. ಮಾತು, ಮತ್ತೆ ಆ ಗೊರ್ರೆನ್ನುವ ನಗು, ಅರ್ಧ. ಆಮೇಲೆ ಏನೂ ಇಲ್ಲ. ಆಮೇಲೆ ಬೀದಿಬಾಗಿಲು ಧಡ್ ಎಂದು ಹಾಕಿಕೊಂಡಿತು. ಈ ಕಟ್ಟಡದಲ್ಲಿ ನಲವತ್ತು ಜನ ಇದ್ದಾರೆ. ಬಾಗಿಲು ದಿನಕ್ಕೆ ನೂರು ಸಲ ಹಾಕಿಕೊಳ್ಳುತ್ತದೆ. ಅದನ್ನು ಸಾಕ್ಷ್ಯ ಎಂದು ಪರಿಗಣಿಸುವಂತಿರಲಿಲ್ಲ.

ಅವನು ಒಳಗೆ ಬಂದ. ಬಾಗಿಲನ್ನು ಮುಚ್ಚಬೇಕೋ ಬೇಡವೋ ಎಂದು ತಿಳಿಯದೆ ಓರೆ ಮಾಡಿದ. ಗೋಡೆಯೊಳಗಿನ ಕೊಳವೆ ಟಕ್ ಟಕ್ ಎಂದು ಕುಗ್ಗತೊಡಗಿತು.

ಐದು ಕುರ್ಚಿಗಳು ದುಂಡಗೆ ಕೂತೇ ಇದ್ದವು, ಮಾತು ಇನ್ನೂ ಮುಗಿಯದವರ ಹಾಗೆ. ಅವನು ಯಾಕೆಂದು ಗೊತ್ತಿಲ್ಲದೆ ಮೊದಲನೆಯದರ ಮೇಲೆ ಅಂಗೈ ಇಟ್ಟ. ಹಂಡೆ ಕೂತಿದ್ದದ್ದು, ಈಗ ತಾನೇ ಒಲೆಯಿಂದ ಇಳಿಸಿದ ಹಾಗಿತ್ತು. ಪಕ್ಕದ್ದು ಮೇಷ್ಟ್ರದು. ಕಡ್ಡಿಯಂಥ ಮನುಷ್ಯ, ಆದರೂ ಹದವಾಗಿ ಬೆಚ್ಚಗೆ. ಅಜ್ಜಿಯದು ಮುಂದಿನ ಅಂಚಿನಲ್ಲಿ ಒಂದು ಹಿಡಿಯಷ್ಟು ಜಾಗದಲ್ಲಿ ಮಾತ್ರ ಬೆಚ್ಚಗಿತ್ತು. ಹೆಂಡತಿಯದರ ಮೇಲೆ ಕೈಯನ್ನು ಹೆಚ್ಚು ಹೊತ್ತು ಇಟ್ಟ. ಬೆಚ್ಚಗಿತ್ತು. ಇಷ್ಟು ಶಾಖ ಇವಳು ದಿನವೂ ಎಲ್ಲಿಡುತ್ತಾಳೆ ಎಂದು ಆಶ್ಚರ್ಯವಾಯಿತು.

ಐದನೆಯದು ತನ್ನದು. ಮುಟ್ಟಿದ. ಕೈ ಹಿಂದಕ್ಕೆ ತೆಗೆದು, ಇನ್ನೊಂದು ಕೈಯಿಂದ ಮುಟ್ಟಿದ. ಯಾರೂ ಕೂರದ ಕುರ್ಚಿಯ ಹಾಗೆ ತಣ್ಣಗಿತ್ತು.

ಕಾರಣ ಇರಲೇಬೇಕು. ಐದು ನಿಮಿಷಕ್ಕೊಮ್ಮೆ ಎದ್ದಿದ್ದೆ. ಎಲ್ಲರಿಗಿಂತ ಮೊದಲು ಎದ್ದವನೂ ನಾನೇ. ಕಿಟಕಿಗೆ ಹತ್ತಿರ ಬೇರೆ. ಪರಿಸ್ಥಿತಿ ಸಮಾನವಾಗಿಲ್ಲದೆ ಹೋಲಿಸುವುದು ಸರಿಯಲ್ಲ. ಅವನು ಆ ಕುರ್ಚಿಯನ್ನು ಕಿಟಕಿಯ ಕಡೆಯಿಂದ ಎಳೆದು, ಮೇಷ್ಟ್ರ ಸೀಮೆಸುಣ್ಣದ ಗುರುತಿನ ಹತ್ತಿರ ತಂದು, ಗಡಿಯಾರ ನೋಡಿ, ಕೂತ. ಬೆನ್ನು ನೆಟ್ಟಗೆ, ಪೂರ್ತಿ ಭಾರ ಬಿಟ್ಟು, ಅಲುಗಾಡದೆ.

ಅರ್ಧ ಗಂಟೆ ಆಯಿತು. ಎದ್ದು ಮುಟ್ಟಿ ನೋಡುವುದಷ್ಟೇ ಉಳಿದಿತ್ತು.

ಅವನು ತನಗೆ ಇನ್ನೊಂದು ಅರ್ಧ ಗಂಟೆಯ ಕಾಲಾವಕಾಶ ಮಂಜೂರು ಮಾಡಿದ.